ಹಣೆ ಮುಟ್ಟಿದ ಬೆರಳು

ನಮ್ಮ ಕಡೆ ಮಠದ ಸ್ವಾಮಿಗಳನ್ನು ಯಾರೂ ಸ್ವಾಮೀಜಿ ಅನ್ನುವುದಿಲ್ಲ, ಬುದ್ಧಿ ಅನ್ನುತ್ತೇವೆ. 'ಅಡ್ಡಬಿದ್ದೆ ಬುದ್ಧಿ', 'ಪ್ರಸಾದ ಆಯ್ತಾ ಬುದ್ಧಿ'. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ತಲೆಯೊಳಗೆ ಇರಬೇಕಾದ ಬುದ್ಧಿಗೂ ಮಠದೊಳಗೆ ಕೂತಿರುವ ಬುದ್ಧಿಗೂ ನಮ್ಮಲ್ಲಿ ಒಂದೇ ಮಾತು. ಆ ಒಂದು ಮಾತು ನನ್ನ ಅಕ್ಕನನ್ನು ತಿಂದುಹಾಕಿತು. ಬೇರೆಯವರು ಕರ್ಮ ಅನ್ನಲಿ, ಹಣೆಬರಹ ಅನ್ನಲಿ, ನಾನು ಅನ್ನುವುದಿಲ್ಲ.

ಹನೂರಿನಾಚೆಯ ಆ ಮಠದ ಬುದ್ಧಿ ನಮ್ಮ ಹಾಗೆಯೇ ಬೇಸಾಯದ ಮನೆಯಿಂದ ಬಂದವರು. ಮಠಕ್ಕೆ ಕಾರು ಇದ್ದರೂ ಬಸ್ಸಿನಲ್ಲಿ ನಿಂತುಕೊಂಡೇ ಊರೂರು ತಿರುಗುತ್ತಿದ್ದರು. ಪಾದಪೂಜೆಗೆ ಬಿಂದಿಗೆ ತಂದವರಿಗೆ, 'ಆ ನೀರ ಕರೂಗೆ ಕುಡುಸ್ರಪ್ಪ, ನನ್ ಕಾಲ ಮಠದಲ್ಲೇ ತೊಳ್ಕಂಡು ಬಂದಿವ್ನಿ' ಅನ್ನುತ್ತಿದ್ದರು. ಹಾವು ಕಚ್ಚಿದರೆ ಮಂತ್ರ ಹಾಕಿಸಬೇಡಿ, ಹೆಣ್ಣುಮಕ್ಕಳನ್ನು ಸ್ಕೂಲು ಬಿಡಿಸಬೇಡಿ. ಇಂಥವೇ ಅವರ ಉಪದೇಶ. ನಮ್ಮಪ್ಪ ಅಕ್ಕನನ್ನೂ ನನ್ನನ್ನೂ ಸ್ಕೂಲು ಬಿಡಿಸಲು ಹೊರಟಾಗ ಮನೆಗೇ ಬಂದು ಕೂತು, ಒಪ್ಪುವವರೆಗೂ ನೀರು ಮುಟ್ಟಲಿಲ್ಲ. ನಾನು ಈಗ ಬರೆಯುತ್ತಿರುವ ಅಕ್ಷರ ಅವರು ಕೊಡಿಸಿದ್ದೇ. ಅದಕ್ಕೇ ಅವರನ್ನು ಬೈಯಲು ಮನಸ್ಸು ಬಾರದು.

ನಮ್ಮವರು ದೇವರಿಗೆ ಹೂ ಮುಡಿಸಿ ಅಪ್ಪಣೆ ಕೇಳುತ್ತಾರೆ. ಬಲಗಡೆ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಗಂಡು ಗೊತ್ತು ಮಾಡುವುದಕ್ಕೂ ಹೂವು, ಆಪರೇಷನ್ನಿಗೂ ಹೂವು. ಬುದ್ಧಿಗೆ ಇದನ್ನು ಕಂಡರಾಗದು. ಹೋದ ಊರಲ್ಲೆಲ್ಲ ಒಂದೇ ಮಾತು: 'ಹೂವ ಕೇಳ್ಬ್ಯಾಡಿ ಕಣ್ರಪ್ಪ, ಬುದ್ಧಿ ಕೇಳಿ.'

ಜನ ತಲೆಯಾಡಿಸಿದರು. ಹೂ ಕೇಳುವುದನ್ನು ಬಿಟ್ಟರು ಕೂಡ. ಬಿಟ್ಟು, ಮಠದ ಮುಂದೆ ಸಾಲು ನಿಂತರು. ಬೋರು ಎಲ್ಲಿ ಕೊರೆಸಲಿ ಬುದ್ಧಿ, ಹಸು ಮಾರಲಾ ಬುದ್ಧಿ, ಮಗಳಿಗೆ ಯಾವ ದಿಕ್ಕಿನ ಗಂಡು ಬುದ್ಧಿ. ಬುದ್ಧಿ ಕೇಳಿ ಅಂದರೆ ಮಠದ ಬುದ್ಧಿಯನ್ನೇ ಕೇಳಿ ಅಂದಂಗಾಯಿತು. ಮೊದಮೊದಲು ಅವರು ನಕ್ಕರು, ಆಮೇಲೆ ಬಿಡಿಸಿ ಹೇಳಿದರು, ಆಮೇಲೆ ಬೈದರು. ಬುದ್ಧಿ ಬೈದರೆ ಒಳ್ಳೆಯದಾಗುತ್ತದೆ ಅಂತ ಬೈಸಿಕೊಳ್ಳುವುದಕ್ಕೇ ಒಂದಷ್ಟು ಜನ ಬರತೊಡಗಿದರು. ಕೋಣನ ಮುಂದೆ ಕಿನ್ನರಿ ಅನ್ನುತ್ತಾರಲ್ಲ, ಕೋಣವಾದರೂ ಸುಮ್ಮನೆ ಮೇಯುತ್ತಿತ್ತು.

ಕೊನೆಗೊಂದು ದಿನ, 'ನಾನು ಬಾಯಿ ತಗುದ್ರೆ ನಿಮ್ ಬುದ್ಧಿ ಮಲಗ್ಕತ್ತದೆ. ಇನ್ ಮಾತಾಡಾಕಿಲ್ಲ' ಅಂದವರು ಮೌನ ಹಿಡಿದರು. ದೊಡ್ಡ ತಪಸ್ಸಿಗೆ ಕೂತಿದ್ದಾರೆ ಅಂತ ಸುದ್ದಿ ಹಬ್ಬಿ ಜನ ಇಮ್ಮಡಿಯಾಯಿತು. ಅವರ ಕಣ್ಣು, ಕೈ, ಹುಬ್ಬು ನೋಡಿ ಅರ್ಥ ಹೇಳುವವರು ಪಕ್ಕದಲ್ಲೇ ಹುಟ್ಟಿಕೊಂಡರು. ಯಾರು ಏನು ಕೇಳಿದರೂ ಬುದ್ಧಿ ಬೆರಳಿಂದ ಹಣೆ ಮುಟ್ಟಿ ತೋರಿಸುತ್ತಿದ್ದರು. ವಿಭೂತಿ ಹಚ್ಚಿ ಅಂತ ಅದಕ್ಕೆ ಅರ್ಥವಾಯಿತು. ಮಠದ ಬಾಗಿಲಲ್ಲಿ ವಿಭೂತಿ ಗಟ್ಟಿ ಮಾರುವ ಅಂಗಡಿ ಎದ್ದಿತು.

ಅಂಥ ಹೊತ್ತಿನಲ್ಲಿ ಅಕ್ಕ ನನ್ನ ಅಂಗಡಿಗೆ ಬಂದಳು. ಅವಳನ್ನು ಕೊಟ್ಟದ್ದು ಮಾಂಬಳ್ಳಿಗೆ. ನಾನು ಕೊಳ್ಳೇಗಾಲದಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದೆ. 'ಈ ಎಡಗಡೆ ಒಸಿ ಸಡ್ಲ ಮಾಡಮ್ಮಿ, ಒತ್ತುತದೆ' ಅಂದಳು. ಅಳತೆ ಹಿಡಿಯುವಾಗ ಕೈಗೆ ಗಂಟು ಸಿಕ್ಕಿತು. ಗೋಲಿಯಷ್ಟಿತ್ತು, ಕದಲುತ್ತಿರಲಿಲ್ಲ. ಟೇಪು ಅಲ್ಲೇ ಬಿಟ್ಟೆ.

'ನಡಿಯಕ್ಕ, ಈಗ್ಲೇ ಆಸ್ಪತ್ರೆಗೆ ಓಗವ.'

'ಬುದ್ಧಿ ಕೇಳ್ದೆ ಮೈಗೆ ಚಾಕು ಆಕಿಸ್ಕಳಕ್ಕಾದದಾ?'

'ಬುದ್ಧಿ ಬಾಯೇ ಬುಡಾಕಿಲ್ವಲ್ಲಕ್ಕ.'

'ಸನ್ನೆ ಮಾಡ್ತಾರೆ ಬುಡು.'

ಒಬ್ಬಳೇ ಹೋಗುವುದು ಬೇಡ ಅಂತ ಜೊತೆಗೆ ಹೋದೆ. ಅಷ್ಟು ಗಂಡಸರ ಮುಂದೆ ಎದೆಯ ಮಾತು ಆಡಲು ನಾಚಿ, ಸೆರಗು ಬಾಯಿಗಿಟ್ಟುಕೊಂಡು ಪಿಸುಗುಟ್ಟಿದಳು. ಬುದ್ಧಿ ಅವಳನ್ನೇ ನೋಡಿದರು. ಬೆರಳಿಂದ ಹಣೆ ಮುಟ್ಟಿದರು. ಅವಳು ಕದಲದಿದ್ದಾಗ ಮತ್ತೆ ಮುಟ್ಟಿದರು, ಕುಟ್ಟಿದರು. ಅವರ ಮುಖದಲ್ಲಿ ಸಿಟ್ಟಿತ್ತು. ಯಾಕೆ ಸಿಟ್ಟು ಅಂತ ನನಗೆ ಹೊಳೆಯಲಿಲ್ಲ. ಪಕ್ಕದಲ್ಲಿದ್ದವನು, 'ಈಬೂತಿ ಕಣವ್ವ. ಒತ್ತಿ ಒತ್ತಿ ಏಳ್ತಾವ್ರೆ, ಬುಡದಂಗೆ ಅಚ್ಚು' ಅಂದ. ಅಕ್ಕ ಉದ್ದಂಡ ನಮಸ್ಕಾರ ಹಾಕಿ, ಬಾಗಿಲಲ್ಲಿ ಗಟ್ಟಿ ಕೊಂಡಳು.

ಬಸ್ಸಿನಲ್ಲಿ ಉದ್ದಕ್ಕೂ ಜಗಳವಾಡಿದೆ. 'ನಿಂಗೆ ಬುದ್ಧಿಗಿಂತ ಜಾಸ್ತಿ ಗೊತ್ತಾ?' ಅಂತ ಒಂದೇ ಮಾತಲ್ಲಿ ಬಾಯಿ ಮುಚ್ಚಿಸಿದಳು. ಬಿಡುವಾದಾಗೆಲ್ಲ ಮಾಂಬಳ್ಳಿಗೆ ಓಡಿದೆ. ಕಾಲು ಹಿಡಿದೆ, ಬೈದೆ, ಮಾತು ಬಿಟ್ಟೆ, ಮತ್ತೆ ನಾನೇ ಹೋಗಿ ಮಾತಾಡಿಸಿದೆ. ಭಾವ ತೀರ ಸಾಧು. 'ಬುದ್ಧಿ ಮಾತ ಮೀರಿ ನಾನೆಂಗವ್ವ ಕರ್ಕಂಡೋಗ್ಲಿ' ಅಂತ ಕಂಬಕ್ಕೆ ಒರಗಿ ಕೂರುತ್ತಿದ್ದ. ಅಕ್ಕ ವಿಭೂತಿಯನ್ನು ನೀರಲ್ಲಿ ತೇದು ಎದೆಗೆ ಹಚ್ಚುತ್ತಿದ್ದಳು. ಒಣಗಿ ಬಿರುಕು ಬಿಡುತ್ತಿತ್ತು, ಮೇಲೆ ಮತ್ತೆ ಹಚ್ಚುತ್ತಿದ್ದಳು. ಗಂಟು ಒಡೆದು ಹುಣ್ಣಾಗಿ, ನೋವಿಗೆ ಪ್ರಜ್ಞೆ ತಪ್ಪಿದಾಗಷ್ಟೇ ಅವಳನ್ನು ಎತ್ತಿಕೊಂಡು ಮೈಸೂರಿಗೆ ಹೋಗಲಾಯಿತು.

ಡಾಕ್ಟರು ನನ್ನನ್ನೂ ಭಾವನನ್ನೂ ಆಚೆಗೆ ಕರೆದರು. ಮೂಳೆಗೆ ಹೋಗಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಕೇಳಿದ್ದು ಕೊಡಿ ಅಂದರು. ಅಕ್ಕನಿಗೆ ಇದನ್ನು ಹೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ. ಅವಳೇ ಒಂದು ಅರ್ಥ ಮಾಡಿಕೊಂಡಳು. 'ನೋಡ್ದಾ, ಅಪ್ಪಣೆ ಇಲ್ದೆ ಓದ್ರೆ ಡಾಕ್ಟ್ರೂ ಮುಟ್ಟಾಕಿಲ್ಲ' ಅಂದಳು. ಅವತ್ತು ನನ್ನೊಳಗೆ ಏನೋ ಸತ್ತುಹೋಯಿತು, ಇವತ್ತಿಗೂ ಎದ್ದಿಲ್ಲ.

ಮಾರನೆಯ ದಿನವೇ ಮಠಕ್ಕೆ ಹೋದೆ. ಸಾಲನ್ನು ತಳ್ಳಿಕೊಂಡು ಮುಂದೆ ನಿಂತೆ. ಅಡ್ಡ ಬೀಳಲಿಲ್ಲ.

'ನಮ್ಮಕ್ಕ ಸಾಯ್ತಾವಳೆ ಬುದ್ಧಿ, ನೀವೇಳಿದ್ ಈಬೂತಿ ಅಚ್ಕಂಡು.'

ಅವರು ಬಾಯಿ ತೆರೆದರು. ಆಡದೆ ಬಿಟ್ಟ ಗಂಟಲು, ಮೊದಲು ಬರೀ ಗಾಳಿ ಬಂತು.

'ಈಬೂತಿ ಅಂದೋರ್ಯಾರವ್ವ?'

'ಇಲ್ಲಿರೋರೆಲ್ಲ.'

'ತಲೇಲಿರೋದ ಕೇಳು ಅಂತ ತೋರ್ಸುದ್ನಲ್ಲವ್ವ. ನಿನ್ ಬುದ್ಧಿ ಕೇಳು, ಆಸ್ಪತ್ರೆಗೆ ಓಗು ಅಂತ.'

ಹಿಂದಿದ್ದವರು ಇದನ್ನು ಕೇಳಿಸಿಕೊಂಡರು ಅಂತೀರಾ? ಬುದ್ಧಿ ಮಾತಾಡಿದರು, ಬುದ್ಧಿ ಮಾತಾಡಿದರು ಅಂತ ಒಬ್ಬರ ಮೇಲೊಬ್ಬರು ಬಿದ್ದು ನಮಸ್ಕಾರ ಹಾಕತೊಡಗಿದರು. ಆ ಬೆನ್ನುಗಳನ್ನು ನೋಡುತ್ತ ಬುದ್ಧಿ ಅತ್ತರು. 'ಮಾತಾಡುದ್ರೂ ಕೆಡ್ತೀರಿ, ಸುಮ್ಕಿದ್ರೂ ಕೆಡ್ತೀರಿ. ನಾನೇನ್ ಮಾಡ್ಲವ್ವ?' ಅಂತ ನನ್ನನ್ನೇ ಕೇಳಿದರು. ನನಗೆ ಕನಿಕರ ಬರಲಿಲ್ಲ, ನಿಜ ಹೇಳುತ್ತೇನೆ. ನಡೀರಿ, ಅವಳ ಮುಂದೆ ಬಂದು ಹೇಳಿ ಅಂದೆ.

ಬಂದರು. ಡಾಕ್ಟರು ಹೇಳಿದ್ದನ್ನು ಮಠದ ಕಾರಿನಲ್ಲೇ ತಿಳಿಸಿದೆ.

ಅಕ್ಕ ಚಾಪೆಯ ಮೇಲಿದ್ದಳು. ಬುದ್ಧಿ ಮನೆಗೇ ಬಂದದ್ದು ಕಂಡು ಏಳಲು ಹೋದಳು, ಆಗಲಿಲ್ಲ. ಅವರೇ ಪಕ್ಕದಲ್ಲಿ ನೆಲಕ್ಕೆ ಕೂತರು. ಅವಳು ಮಲಗಿದಲ್ಲೇ ಕೈ ಜೋಡಿಸಿದಳು.

'ಬುದ್ಧಿ, ತಡಕಳಕ್ಕಾಯ್ತಿಲ್ಲ. ಆಸ್ಪತ್ರೆಗೆ ಓಗಕ್ಕೆ ಅಪ್ಪಣೆ ಕೊಡ್ತೀರಾ?'

ಅವರು ನನ್ನ ಮುಖ ನೋಡಿದರು. ಅಪ್ಪಣೆ ಕೇಳಬೇಡಿ, ಕೇಳಬೇಡಿ ಅಂತ ಆಯುಷ್ಯವೆಲ್ಲ ಕೂಗಿದ ಮನುಷ್ಯ. ಇನ್ನು ಡಾಕ್ಟರಿಂದಲೂ ಆಗದು ಅನ್ನುವ ನಿಜ ಹೇಳಿಬಿಡುತ್ತಾರೋ ಅಂತ ಹೆದರಿದೆ.

'ಓಗವ್ವ' ಅಂದರು. 'ಅಪ್ಪಣೆ ಆಯ್ತು, ಓಗು.'

ಅಕ್ಕನ ಮುಖ ಅರಳಿತು. ಅಷ್ಟು ತಿಂಗಳಲ್ಲಿ ನಾನು ಕಾಣದ ಮುಖ. 'ಕೇಳುಸ್ಕಂಡಾ? ಅಪ್ಪಣೆ ಆಯ್ತು ಕಣಮ್ಮಿ. ಇನ್ ಡಾಕ್ಟ್ರು ಮುಟ್ತಾರೆ. ಆ ರೇಸ್ಮೆ ಸೀರೆ ತಗಿ, ಡಾಕ್ಟ್ರ ಮುಂದೆ ಇಂಗೇ ಓಗಕ್ಕಾದದಾ?' ಅಂದಳು. ಭಾವ ಗೋಡೆ ಕಡೆ ತಿರುಗಿಕೊಂಡ. ನಾನು ತಲೆ ಬಾಚಿದೆ, ಸೀರೆ ಸುತ್ತಿದೆ. ಮೈಯಲ್ಲಿ ಭಾರವೇ ಇರಲಿಲ್ಲ. ಇಬ್ಬರೂ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿದೆವು. ಬುದ್ಧಿ ಜಗುಲಿಯ ಮೇಲೆ ಕೂತೇ ಇದ್ದರು.

'ಯಾವ್ ಆಸ್ಪತ್ರೆಗ್ ಓಗವ?' ಡ್ರೈವರು ಕೇಳಿದ.

ಭಾವ ಕಿಟಕಿಯಾಚೆ ನೋಡಿದ, ನಾನು ಅಕ್ಕನ ಸೆರಗು ಸರಿಮಾಡಿದೆ.

'ಮೈಸೂರ್ಗೆ ಕಣಪ್ಪ' ಅಂದಳು ಅಕ್ಕ. 'ಒಸಿ ಬಿರ್ರನೆ ಓಡ್ಸು, ಬಾಗ್ಲಾಕ್ಬುಟ್ಟಾರು.'