ಬಲಜೇಬಿಗೆ ಪ್ರಶ್ನೆ, ಎಡಜೇಬಿಗೆ ಉತ್ತರ

ಬೆಳಗಿನ ಏಳು ಗಂಟೆ. ನಾರಿನ್ ಊರಿಗೆ ಇನ್ನೂ ಬೆಳಕಾಗಿಲ್ಲ. ಗುಡ್ಡದ ಬೆನ್ನು ಹತ್ತಿ ಸೂರ್ಯ ಇಣುಕುವಾಗ ಎಂಟೂವರೆಯಾದರೂ ಆಗುತ್ತದೆ. ಚಳಿ ಸೊನ್ನೆಗಿಂತ ಇಪ್ಪತ್ತಮೂರು ಡಿಗ್ರಿ ಕೆಳಗೆ. ಲೈಬ್ರರಿಯ ಮೆಟ್ಟಿಲ ಮೇಲಿನ ಹಿಮವನ್ನು ಸಲಿಕೆಯಲ್ಲಿ ಬಾಚಿ ಹಾಕಿ ಒಳಗೆ ಬಂದ ಜುರಕಾನ್, ಮೂಗಿನ ತುದಿ ಉಜ್ಜಿಕೊಂಡು, ಮೊದಲು ಮಾಡುವ ಕೆಲಸ ನೀರು ಕಾಯಿಸುವುದು. ಚಹಾಕ್ಕಲ್ಲ. ನೂರಿಪ್ಪತ್ತು ತಗಡಿನ ಬಿಲ್ಲೆಗಳನ್ನು ಬಿಸಿನೀರಿನ ಬೋಗುಣಿಗೆ ಸುರಿದು, ಒಂದೊಂದನ್ನೇ ಎತ್ತಿ ಒರೆಸಿ, ಗೋಡೆಯ ಬಿಸಿನೀರಿನ ಕೊಳವೆಯ ಮೇಲೆ ಸಾಲಾಗಿ ಇಡುತ್ತಾರೆ.

“ಹೊರಗಿಂದ ನಡುಗ್ತಾ ಬಂದೋರ ಕೈಗೆ ತಣ್ಣನೆ ತಗಡು ಕೊಟ್ರೆ ಹೆಂಗೆ? ಬೆಚ್ಚಗಿದ್ರೆ ಮೇಲೆ ಹೋಗಿ ಎರಡು ಪುಟ ಜಾಸ್ತಿ ಓದ್ತಾರೆ.”

ಕೋಟು ಹಾಕಿಕೊಂಡು ಯಾರೂ ಓದುವ ಕೋಣೆಗೆ ಹೋಗುವಂತಿಲ್ಲ. ಬಾಗಿಲ ಪಕ್ಕದ ಕಟ್ಟೆಯಲ್ಲಿ ಜುರಕಾನ್ ಕೈಗೆ ಕೋಟು ಒಪ್ಪಿಸಬೇಕು, ಅವರು ಅದನ್ನು ಗೂಟಕ್ಕೆ ತೂಗುಹಾಕಿ, ಆ ಗೂಟದ ಸಂಖ್ಯೆಯ ಬಿಲ್ಲೆ ಕೊಡಬೇಕು. ಹೋಗುವಾಗ ಬಿಲ್ಲೆ ವಾಪಸು, ಕೋಟು ವಾಪಸು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ದಿನಕ್ಕೆ ಎಪ್ಪತ್ತರಿಂದ ತೊಂಬತ್ತು ಕೋಟು, ಶನಿವಾರ ನೂರು ದಾಟುತ್ತದೆ. ಕುರಿಚರ್ಮದ ಕೋಟು ಒಂದೊಂದೂ ಮಗುವಿನಷ್ಟು ಭಾರ. ಐವತ್ತೆಂಟು ವರ್ಷದ ಜುರಕಾನ್ ಅವರ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿದೆ. ಬಾಗಿಲು ತೆರೆದಾಗಲೆಲ್ಲ ಗಾಳಿ ನೇರ ಅವರ ಮಂಡಿಗೇ ಬಂದು ಬಡಿಯುತ್ತದೆ. ಹಾಗಾಗಿ ಇಡೀ ಕಟ್ಟಡದಲ್ಲಿ ದಿನವಿಡೀ ಕೋಟು ಬಿಚ್ಚದೆ ಇರುವವರು ಅವರೊಬ್ಬರೇ.

ಇಷ್ಟೇ ಆಗಿದ್ದರೆ ಅವರ ಬಗ್ಗೆ ಬರೆಯಲು ಏನಿತ್ತು? ಆದರೆ ಈ ಊರಿನ ಓದುಗರಿಗೆ ಪುಸ್ತಕ ಕೊಡುವವರು ಮೇಲಿನ ಮಹಡಿಯಲ್ಲಿದ್ದರೆ, ಯಾವ ಪುಸ್ತಕ ಎಂದು ಹೇಳುವವರು ಕೆಳಗೆ, ಈ ಗೂಟಗಳಲ್ಲಿದ್ದಾರೆ.

ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಮೊದಲು ನುಗ್ಗುವವಳು ಕಾಲೇಜಿನ ಮೀರಿಮ್.

“ಎಜೆ, ನನ್ನ ಎಡಜೇಬಿಗೆ ಏನಾದ್ರೂ ಬರುತ್ತಾ ಇವತ್ತು?”

‘ಎಜೆ’ ಅಂದರೆ ಅಕ್ಕ. ಊರಿಗೆಲ್ಲ ಅವರು ಅಕ್ಕನೇ.

“ಬಂದ್ರೆ ನಿಂಗೇ ಸಿಗುತ್ತೆ. ಮೊದ್ಲು ಬೂಟು ಝಾಡಿಸು. ನೆಲ ನಿಮ್ಮಪ್ಪ ಬಂದು ಒರೆಸ್ತಾನಾ?”

ನಡೆಯುವುದು ಹೀಗೆ. ಪುಸ್ತಕದ ವಿಷಯದಲ್ಲಿ ಏನಾದರೂ ಕೇಳಬೇಕಾದವರು ಒಂದು ಚೀಟಿ ಬರೆದು ಜುರಕಾನ್‌ಗೆ ಕೊಡುತ್ತಾರೆ. ಹೆಸರಿಲ್ಲ, ಗೂಟದ ಸಂಖ್ಯೆ ಮಾತ್ರ; ದಿನಾ ಬರುವ ಒಬ್ಬೊಬ್ಬರಿಗೂ ಒಂದೊಂದು ಖಾಯಂ ಗೂಟವಿದೆ. ಯಾರ ಚೀಲದಲ್ಲಿ ಯಾವ ಪುಸ್ತಕ ಬಂತು, ಯಾರು ಯಾವುದನ್ನು ಮೂರೇ ದಿನದಲ್ಲಿ ಮುಗಿಸಿದರು, ಯಾರು ಯಾವುದನ್ನು ಮುಖ ಸಿಂಡರಿಸಿಕೊಂಡು ಹಿಂತಿರುಗಿಸಿದರು ಎಂಬುದೆಲ್ಲ ಜುರಕಾನ್ ಕಣ್ಣ ಮುಂದೆಯೇ ಹಾದುಹೋಗುತ್ತದೆ. ಆ ಪ್ರಶ್ನೆಗೆ ಉತ್ತರ ಯಾರಿಗೆ ಗೊತ್ತಿರಬಹುದೆಂದು ಯೋಚಿಸಿ, ಅವರ ಕೋಟಿನ ಬಲಜೇಬಿಗೆ ಚೀಟಿ ಹಾಕುತ್ತಾರೆ. ಆತ ಮನೆಗೆ ಹೋಗುವ ದಾರಿಯಲ್ಲಿ ಕೈಗವಸಿಗೆಂದು ಜೇಬಿಗೆ ಕೈಹಾಕಿದರೆ ಪ್ರಶ್ನೆ. ಮರುದಿನ ಉತ್ತರ ಬರೆದು ತಂದರೆ ಅದು ಕೇಳಿದವರ ಎಡಜೇಬಿಗೆ.

ಬಾಯಿಬಿಟ್ಟು ಕೇಳಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಊರು ಸಣ್ಣದು, ಎಲ್ಲರಿಗೂ ಎಲ್ಲರೂ ನೆಂಟರು. ಮಾವನ ಗೆಳೆಯನ ಎದುರು ಸೊಸೆಯಾದವಳು ‘ಒಳ್ಳೆಯ ಪ್ರೇಮದ ಕಾದಂಬರಿ ಯಾವುದು’ ಎಂದು ಕೇಳಲಾರಳು. ಹಿರಿಯರು ಬರೆದದ್ದು ಚೆನ್ನಾಗಿಲ್ಲವೆಂದು ಕಿರಿಯರು ಹೇಳಲಾರರು. ಜೇಬಿಗೆ ವಯಸ್ಸಿಲ್ಲ, ನೆಂಟಸ್ತನವೂ ಇಲ್ಲ.

ಶುರುವಾದದ್ದು ಒಬ್ಬ ನರ್ಸಿನಿಂದ. ಉಣ್ಣೆ ಗಿರಣಿ ಮುಚ್ಚಿದ ಮೇಲೆ ಜುರಕಾನ್ ಇಲ್ಲಿಗೆ ಬಂದ ಮೊದಲ ಚಳಿಗಾಲ. ಕೋಟು ತೆಗೆದುಕೊಳ್ಳುತ್ತ ಆ ನರ್ಸು ಕೇಳಿದಳಂತೆ: “ಹಾಸಿಗೆ ಹಿಡಿದಿರೋ ಅಮ್ಮಂಗೆ ಓದಿ ಹೇಳಬೇಕು. ಯಾರೂ ಸಾಯದೇ ಇರೋ ಪುಸ್ತಕ ಯಾವ್ದಾದ್ರೂ ಇದ್ಯಾ?” ಮೇಲಿನವರು ಪಟ್ಟಿ ತೋರಿಸಿದ್ದರು; ಪಟ್ಟಿಯಲ್ಲಿ ಸಾವಿನ ವಿಷಯ ಬರೆದಿರುವುದಿಲ್ಲವಲ್ಲ. ಜುರಕಾನ್‌ಗೆ ಹಿಂದಿನ ವಾರ ಗುಂಡಿ ಹಾಕಿಕೊಳ್ಳುತ್ತ ತನ್ನಷ್ಟಕ್ಕೇ ನಗುತ್ತಿದ್ದ ದನದ ಡಾಕ್ಟರ ನೆನಪಾಯಿತು. ಚೀಟಿ ಬರೆದು ಅವರ ಜೇಬಿಗೆ ಹಾಕಿದರು. ಮರುದಿನ ಡಾಕ್ಟರು ಮೂರು ಪುಸ್ತಕದ ಹೆಸರು ಬರೆದು ತಂದರು. ಜೊತೆಗೊಂದು ಎಚ್ಚರಿಕೆ: “ಮೂರನೆಯದರಲ್ಲಿ ಒಂದು ಕುದುರೆ ಸಾಯುತ್ತದೆ. ಆ ಪುಟ ಹಾರಿಸಿ.”

ಅಲ್ಲಿಂದೀಚೆಗೆ ದಿನಕ್ಕೆ ನಾಲ್ಕೈದು ಚೀಟಿ. ಒಬ್ಬರು ಕೇಳುತ್ತಾರೆ: “ರೊಟ್ಟಿ ಬೇಯುವಷ್ಟರಲ್ಲಿ ಮುಗಿಯುವ ಕಥೆ ಬೇಕು.” ಉತ್ತರ: “ರೊಟ್ಟಿ ಜಾಸ್ತಿ ಮಾಡಿ.” ಇನ್ನೊಬ್ಬರು: “ದಪ್ಪ ಪುಸ್ತಕದ ನಲವತ್ತನೇ ಪುಟದಲ್ಲಿ ಐದು ತಿಂಗಳಿಂದ ಇದ್ದೇನೆ. ಬಿಟ್ಟರೆ ತಪ್ಪಾ?” ಉತ್ತರ: “ನಾನು ಅರವತ್ತರಲ್ಲಿ ಬಿಟ್ಟೆ. ಇಬ್ಬರೂ ಬದುಕಿದ್ದೇವೆ.” ಮೇ ತಿಂಗಳಲ್ಲಿ ಕೋಟು ಹೋದರೆ ಈ ವ್ಯವಹಾರವೂ ಬಂದ್. ಬೇಸಿಗೆಯ ಚೀಟಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಚಳಿಗಾಗಿ ಕಾಯುತ್ತವೆ. “ಪರೀಕ್ಷೆಗೆ ಯಾವ ಪುಸ್ತಕ ಓದ್ಲಿ ಅಂತ ಜೂನಲ್ಲಿ ಒಬ್ಳು ಕೇಳಿದ್ಲು. ಅಕ್ಟೋಬರಲ್ಲಿ ಉತ್ತರ ಬಂತು. ಅಷ್ಟರಲ್ಲಿ ಫೇಲಾಗಿ, ಮದುವೆನೂ ಆಗಿಬಿಟ್ಟಿದ್ಲು,” ಎಂದು ಜುರಕಾನ್ ನಗುತ್ತಾರೆ.

ಅವರಿಗೆ ಅವರದೇ ಒಂದು ನಿಯಮವಿತ್ತು. ಚೀಟಿ ಸಾಗಿಸುವುದು, ಅಷ್ಟೇ. ಉತ್ತರ ಮಾತ್ರ ತಾನು ಬರೆಯಬಾರದು. “ನಾನೂ ಒಂದು ಗೂಟ. ಗೂಟ ಅಭಿಪ್ರಾಯ ಹೇಳಕ್ಕೆ ಶುರು ಮಾಡಿದ್ರೆ ಜನ ಕೋಟು ಹಾಕ್ಕೊಂಡೇ ಓಡ್ತಾರೆ.” ಇಪ್ಪತ್ತೆರಡು ವರ್ಷ ಈ ನಿಯಮ ಮುರಿಯಲಿಲ್ಲ. ಈ ಜನವರಿಯಲ್ಲಿ ಮುರಿದರು.

ಕಾರಣ ಹದಿನೇಳನೇ ಗೂಟ. ಅದು ತುರ್ದಕುನ್ ಅವರದು. ಮೂವತ್ತೈದು ವರ್ಷ ನೀಲಿ ಲಾರಿಯಲ್ಲಿ ದೊಲೊನ್ ಘಾಟಿ ಹತ್ತಿಳಿದವರು, ಎದೆಯವರೆಗೆ ಬಿಳಿಗಡ್ಡ. ಏಪ್ರಿಲ್‌ಗೆ ಎಪ್ಪತ್ತು ತುಂಬುತ್ತದೆ. ಎಪ್ಪತ್ತು ಅಂದರೆ ಊರಿಗೆಲ್ಲ ಔತಣ. ಅನುಕೂಲವಿದ್ದವರು ತಮ್ಮ ಬದುಕಿನ ಕಥೆಯನ್ನೂ ಅಚ್ಚು ಹಾಕಿಸಿ ಬಂದವರಿಗೆ ಹಂಚುತ್ತಾರೆ. ಬಂದವರು ಉಳಿದ ಮಾಂಸ ಕಟ್ಟಿಕೊಂಡ ಚೀಲದೊಳಗೇ ಆ ಪುಸ್ತಕವನ್ನೂ ತುರುಕಿ ಮನೆಗೆ ಒಯ್ಯುತ್ತಾರೆ. ಆಮೇಲೆ ಜಿಡ್ಡಿನ ಕಲೆ ಬಿಟ್ಟರೆ ಆ ಪುಟಗಳನ್ನು ಮತ್ಯಾವುದೂ ಮುಟ್ಟುವುದಿಲ್ಲ.

ತುರ್ದಕುನ್ ಒಂದು ಬಟ್ಟೆಯ ಚೀಲವನ್ನು ಕೋಟಿನ ಜೊತೆ ತೂಗುಹಾಕಿಸಿ ಚೀಟಿ ಕೊಟ್ಟರು: “ಮೂರು ನೋಟುಬುಕ್ಕು ಬರೆದಿದ್ದೇನೆ. ಫೆಬ್ರವರಿಯಲ್ಲಿ ಪ್ರೆಸ್ಸಿಗೆ ಕೊಡಬೇಕು. ಯಾರಾದರೂ ಓದುತ್ತಾರಾ, ಅಥವಾ ಮಾಂಸದ ಜೊತೆ ಹೋಗುತ್ತಾ? ನಿಜ ಹೇಳಿ.”

ಜುರಕಾನ್ ಆರಿಸಿ ಆರಿಸಿ ಮೂವರು ಗಟ್ಟಿ ಓದುಗರ ಜೇಬಿಗೆ ಸರದಿಯಂತೆ ಚೀಟಿ ಹಾಕಿದರು. ಮೂವರೂ ಚೀಲ ಒಯ್ದು ಓದಿದರು. ಹೆಸರಿಲ್ಲದಿದ್ದರೇನು, ನೀಲಿ ಲಾರಿ ಯಾರದೆಂದು ಊರಿಗೇ ಗೊತ್ತು. ಮೂರು ಉತ್ತರ ಬಂತು: “ಪ್ರತಿ ಸಾಲೂ ಬಂಗಾರ.” “ನಮ್ಮ ಊರಿನ ಹೆಮ್ಮೆ.” “ಶಾಲೆಯಲ್ಲಿ ಪಾಠ ಇಡಬೇಕು.”

ಕಟ್ಟೆಗೆ ಒರಗಿ ಮೂರನ್ನೂ ಓದಿದ ತುರ್ದಕುನ್ ತಲೆ ಎತ್ತಿದರು. “ಏನಮ್ಮಾ ಇದು? ನಾನಿನ್ನೂ ಬದುಕಿದ್ದೀನಿ ಅಂತ ಇವ್ರಿಗೆ ಗೊತ್ತಿಲ್ವಾ? ಸತ್ತೋರ ಬಗ್ಗೆ ಮಾತಾಡ್ದಂಗೆ ಆಡಿದ್ದಾರಲ್ಲ!”

“ಬಾಯ್ಕೆ, ನಿಮ್ಮ ಗಡ್ಡ ನೋಡಿ ಹೆದರಿದ್ದಾರೆ.” ಅಣ್ಣನಂಥವರನ್ನು ಇಲ್ಲಿ ಕರೆಯುವುದೇ ಹಾಗೆ, ‘ಬಾಯ್ಕೆ’.

“ಹಂಗಾದ್ರೆ ಬೋಳಿಸ್ಕೊಂಡು ಬರ್ಲಾ?”

ತಮಾಷೆ ಮಾಡಿದರೂ, ಗುಂಡಿಗಳನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡು ಹೊರಟುಬಿಟ್ಟರು. ಚೀಲ ಗೂಟದಲ್ಲೇ ಉಳಿಯಿತು.

ಭಾನುವಾರ ಲೈಬ್ರರಿಗೆ ರಜೆ. ಶನಿವಾರ ಸಂಜೆ ಜುರಕಾನ್ ಚೀಲವನ್ನು ಮನೆಗೆ ಒಯ್ದರು. “ಸುಮ್ನೆ ಓದಿ ವಾಪಸ್ ಇಡೋಣ ಅಂತಿದ್ದೆ ಅಷ್ಟೇ.” ಮೊದಲ ನೋಟುಬುಕ್ಕಿನಲ್ಲಿ ಏಳು ತಲೆಮಾರಿನ ಹೆಸರು, ಪದಕ, ಮೇಲಧಿಕಾರಿಗಳ ಗುಣಗಾನ. “ಎರಡು ಸಲ ನಿದ್ದೆ ಹೊಡೆದೆ. ಇದನ್ನೂ ಬರ್ಕೋ, ಪರವಾಗಿಲ್ಲ, ಅವ್ರಿಗೂ ಗೊತ್ತು.” ಎರಡನೆಯದರ ನಡುವೆ, ಎಲ್ಲೋ ಒಂದು ಕಡೆ, ಅರ್ಧ ಪುಟ ಸಿಕ್ಕಿತು.

ನಲವತ್ತೊಂಬತ್ತು ವರ್ಷದ ಹಿಂದೆ, ಇಪ್ಪತ್ತೊಂದರ ತುರ್ದಕುನ್ ಶಾಲೆಯ ಪುಸ್ತಕಗಳನ್ನು ಹೇರಿಕೊಂಡು ಘಾಟಿ ಹತ್ತುತ್ತಿದ್ದಾಗ ಸೆಪ್ಟೆಂಬರಿನಲ್ಲೇ ಹಿಮ ಬಿತ್ತು. ಲಾರಿ ಹೂತುಹೋಯಿತು. ಎರಡು ರಾತ್ರಿ. ಬೆರಳು ಕಪ್ಪಾಗತೊಡಗಿದಾಗ ಕೈಗೆ ಸಿಕ್ಕ ಕಟ್ಟುಗಳನ್ನು ಸುಟ್ಟರು. ಮೂರನೇ ಕ್ಲಾಸಿನ ಲೆಕ್ಕದ ಪುಸ್ತಕ. ಊರಿಗೆ ಬಂದು, ಹೊಳೆಗೆ ಬಿದ್ದವು ಎಂದು ಕಚೇರಿಯಲ್ಲಿ ಬರೆಸಿದರು. ಅರ್ಧ ಪುಟ ಅಷ್ಟೇ, ಮುಂದಿನ ಪುಟದಿಂದ ಮೂರನೇ ನೋಟುಬುಕ್ಕಿನ ಕೊನೆಯವರೆಗೂ ಮತ್ತೆ ಪದಕ.

“ಆ ಅರ್ಧ ಪುಟನೇ ಮತ್ತೆ ಮತ್ತೆ ಓದ್ದೆ. ಚಹಾ ಆರಿಹೋಯ್ತು. ಆ ವರ್ಷ ನಮ್ಮ ಕ್ಲಾಸಿಗೆ ಲೆಕ್ಕದ ಪುಸ್ತಕನೇ ಬಂದಿರ್ಲಿಲ್ಲ.”

ಸೋಮವಾರ ತುರ್ದಕುನ್ ಕೋಟಿನ ಎಡಜೇಬಿಗೆ ನಾಲ್ಕನೇ ಉತ್ತರ ಬಿತ್ತು: “ಮೊದಲ ನೋಟುಬುಕ್ಕು ಮೊಮ್ಮಕ್ಕಳಿಗೆ ಇಡಿ. ಮೂರನೆಯದು ಯಾರಿಗೂ ಬೇಡ. ನಿಮ್ಮ ಪುಸ್ತಕ ಇರುವುದು ನೀವು ಬಚ್ಚಿಟ್ಟಿರುವ ಅರ್ಧ ಪುಟದಲ್ಲಿ. ಎಲ್ಲರನ್ನೂ ನಿಜ ಕೇಳುತ್ತೀರಿ, ಮೊದಲು ನೀವು ಹೇಳಿ. ಆ ವರ್ಷ ನಾನು ಮೂರನೇ ಕ್ಲಾಸಿನಲ್ಲಿದ್ದೆ.”

ಮರುದಿನ ತುರ್ದಕುನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹನ್ನೊಂದು ದಿನ ಹದಿನೇಳನೇ ಗೂಟ ಖಾಲಿ. ಶನಿವಾರದ ನೂಕುನುಗ್ಗಲಿನಲ್ಲೂ ಜುರಕಾನ್ ಅಲ್ಲಿ ಯಾರ ಕೋಟನ್ನೂ ಹಾಕಲಿಲ್ಲ. “ಬಿಳಿಗಡ್ಡದೋರಿಗೆ ಹಂಗೆಲ್ಲ ಬರೀತಾರಾ ಯಾರಾದ್ರೂ? ಅವ್ರು ಬರೆಯೋದನ್ನೂ ನಿಲ್ಲಿಸಿದ್ರೆ, ಓದೋದನ್ನೂ ಬಿಟ್ರೆ? ನನ್ನ ಕೈಯಾರೆ ಒಬ್ಬ ಓದುಗನ್ನ ಕೊಂದ್ನಾ ಅನ್ನಿಸ್ತು. ಗೂಟ ಗೂಟದ ಥರ ಇರಬೇಕಿತ್ತು.”

ಹನ್ನೆರಡನೇ ದಿನ ಬಾಗಿಲು ತೆರೆಯಿತು. ಗಡ್ಡದ ತುಂಬ ಮಂಜು. ಕೋಟು ಕೊಡದೆ, ಸಲಾಮೂ ಹೇಳದೆ, ಕಟ್ಟೆಯ ಎದುರು ನಿಂತು ತುರ್ದಕುನ್ ಕೇಳಿದರು: “ಏಳೆಂಟ್ಲ ಎಷ್ಟಮ್ಮಾ?”

ಜುರಕಾನ್ ಬೆರಳು ಮಡಚಿದರು, ಬಿಚ್ಚಿದರು. “ಐವತ್ತ... ನಾಲ್ಕಾ?”

“ಐವತ್ತಾರು. ತಪ್ಪು ನಂದು.”

ಹಿಂದೆ ಸಾಲಿನಲ್ಲಿ ನಿಂತಿದ್ದ ಮೀರಿಮ್‌ಗೆ ಏನೂ ಅರ್ಥವಾಗಲಿಲ್ಲ. ಈ ಇಬ್ಬರು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. “ಮೂರನೇ ಕ್ಲಾಸು ಅಂತ ಬರೆದ್ರೆ ಗೊತ್ತಾಗಲ್ವಾ?” ಎಂದರು ತುರ್ದಕುನ್. “ಆ ವರ್ಷ ಮೂರನೇಲಿ ಇದ್ದೋರಿಗೆ ಈಗ ಐವತ್ತೆಂಟು. ಅವ್ರಲ್ಲಿ ಲೈಬ್ರರಿ ಬಾಗ್ಲು ನೋಡಿರೋಳು ನೀನೊಬ್ಳೇ.”

ಪ್ರೆಸ್ಸಿಗೆ ಬೇಡವೆಂದು ಹೇಳಿ ಬಂದಿದ್ದರು. “ಔತಣಕ್ಕೆ ಮಾಂಸ ಮಾತ್ರ. ಪುಸ್ತಕ ಆದಾಗ ಆಗುತ್ತೆ. ಸುಟ್ಟಿದ್ದು ಸುಟ್ಟಿದ್ದೇ, ಇನ್ನು ಮುಚ್ಚಿಡಲ್ಲ, ಯಾರು ಬೇಕಾದ್ರೂ ಬರೀಲಿ.” ಹನ್ನೊಂದು ದಿನದಲ್ಲಿ ಅರ್ಧ ಪುಟ ನಲವತ್ತು ಪುಟವಾಗಿತ್ತು. ಹೊಸ ನೋಟುಬುಕ್ಕನ್ನು ಕಟ್ಟೆಯ ಮೇಲಿಟ್ಟರು. “ಓದು.”

“ಈಗ್ಲೇ ಅಂದ್ರೆ ಹೆಂಗೆ ಬಾಯ್ಕೆ? ಎರಡು ಕೋಟಿನ ಮಧ್ಯ ಒಂದು ಪುಟ ಸಿಕ್ಕಿದ್ರೆ ಹೆಚ್ಚು ನಂಗೆ.”

ತುರ್ದಕುನ್ ಕಟ್ಟೆಯ ಹಲಗೆ ಎತ್ತಿ ಒಳಗೆ ಬಂದರು. “ಕೋಟು ಬಿಚ್ಚಮ್ಮಾ.” ಜುರಕಾನ್ ಬಿಚ್ಚಿಕೊಟ್ಟ ಕಂದು ಕೋಟನ್ನು ತಮ್ಮದೇ ಹದಿನೇಳನೇ ಗೂಟಕ್ಕೆ ಹಾಕಿ, ಕೊಳವೆಯ ಮೇಲಿದ್ದ ಬಿಲ್ಲೆ ಎತ್ತಿ ಅವರ ಕೈಯಲ್ಲಿಟ್ಟರು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಕಾಯಿಸಿಟ್ಟ ಬಿಲ್ಲೆ, ಇನ್ನೊಬ್ಬರು ಕೊಟ್ಟಾಗ ಅಂಗೈಗೆ ಹೇಗೆ ತಾಗುತ್ತದೆಂದು ಅವರಿಗೆ ಅವತ್ತೇ ಗೊತ್ತಾದದ್ದು.

ಓದುವ ಕೋಣೆ ತೆರೆದಿರುವುದು ಒಂಬತ್ತರಿಂದ ಆರು. ಅವರ ಕೆಲಸವೂ ಅಷ್ಟೇ ಹೊತ್ತು. ಹಾಗಾಗಿ ಆ ಮೆಟ್ಟಿಲನ್ನು ಅವರು ಹತ್ತುತ್ತಿದ್ದುದು ಪೊರಕೆ ಹಿಡಿದು ಮಾತ್ರ. ಅವತ್ತು ಕಿಟಕಿ ಪಕ್ಕದ ಮೇಜಿಗೆ ಕೂತು ಒಂದು ಗಂಟೆ ಇಪ್ಪತ್ತು ನಿಮಿಷ ಓದಿದರು. ಕೆಳಗಿನಿಂದ ತುರ್ದಕುನ್ ಗದರುವ ದನಿ ಕೇಳುತ್ತಲೇ ಇತ್ತು: “ಒಬ್ಬೊಬ್ರೇ ಬನ್ನಿ! ಇದೇನು ಘಾಟಿ ರಸ್ತೆನಾ, ಓವರ್‌ಟೇಕ್ ಮಾಡಕ್ಕೆ?”

ಇಳಿದು ಬಂದು ಬಿಲ್ಲೆ ಕೊಟ್ಟು, ತಮ್ಮ ಕೋಟು ಹಾಕಿಕೊಂಡು, ಕರವಸ್ತ್ರಕ್ಕೆಂದು ಬಲಜೇಬಿಗೆ ಕೈಹಾಕಿದರು. ಬೆರಳಿಗೆ ಕಾಗದ ತಾಗಿತು. ಅಷ್ಟು ವರ್ಷ ಊರಿನವರ ಜೇಬಿಗೆಲ್ಲ ಚೀಟಿ ಹಾಕಿದವರ ಜೇಬಿಗೆ ಬಿದ್ದ ಮೊದಲ ಚೀಟಿ. ಲಾರಿಯ ಹಿಂಬದಿಯಲ್ಲಿ ಬರೆದಂಥ ದಪ್ಪ ಅಕ್ಷರ: “ಕೊನೆಯ ಪುಟದಲ್ಲಿ ಆ ಮೂರನೇ ಕ್ಲಾಸಿನ ಹುಡುಗಿಗೆ ಏನು ಹೇಳಲಿ?”

ಆ ಚೀಟಿ ಈಗಲೂ ಬಲಜೇಬಿನಲ್ಲೇ ಇದೆ. ತೆಗೆದು ತೋರಿಸಿ, ಮಡಚಿ, ಮತ್ತೆ ಒಳಗಿಡುತ್ತಾರೆ. ಬಾಗಿಲು ತೆರೆದು ಚಳಿ ನುಗ್ಗುತ್ತದೆ. ಇನ್ನೊಂದು ಕೋಟು ಬಂತು.

“ಉತ್ತರ ಇನ್ನೂ ಬರೆದಿಲ್ಲ. ಯೋಚ್ನೆ ಮಾಡ್ತಿದ್ದೀನಿ,” ಎನ್ನುತ್ತಾರೆ ಜುರಕಾನ್, ಆ ಕೋಟಿನ ಹಿಮ ಝಾಡಿಸುತ್ತ. “ಅವಸರ ಏನಿಲ್ಲ. ಏಪ್ರಿಲ್ ತನಕ ಎಲ್ರೂ ಕೋಟು ಹಾಕ್ಕೊಂಡೇ ಬರ್ತಾರೆ.”