ಪದವಿನ ಮೇಲಿನ ಮೂರು ಮೆಟ್ಟಿಲು

ಪಕ್ಕದ ಹಿತ್ತಲಲ್ಲಿ ಬೆಳಗ್ಗೆಯಿಂದ ಯಾರೋ ಮುರಕಲ್ಲು ಕೆತ್ತುತ್ತಿದ್ದಾರೆ. ಹಸಿ ಕೆಂಪುಕಲ್ಲಿನ ಧೂಳಿಗೆ ಒಂದು ವಾಸನೆಯುಂಟು, ನಿಮಗೂ ಗೊತ್ತಿರಬಹುದು. ಕಿಟಕಿ ಮುಚ್ಚೋಣವೆಂದು ಎದ್ದವನು ಮಂಡಿನೋವಿಗೆ ಸೋತು ಮತ್ತೆ ಕುಳಿತೆ. ಕುಳಿತ ಮೇಲೆ ನೆನಪನ್ನು ತಡೆಯುವುದು ಹೇಗೆ?

ಅರುವತ್ತರ ದಶಕದ ಆರಂಭ. ಬೆಳುವಾಯಿಯ ಆಚೆ, ಒಂದು ಪದವಿನ ಬುಡದ ಶಾಲೆಗೆ ನಾನು ಹೊಸ ಮಾಷ್ಟ್ರು. ಪದವೆಂದರೆ ನೆತ್ತಿ ಚಪ್ಪಟೆಯಾದ ಮುರಕಲ್ಲಿನ ಗುಡ್ಡ. ಬೇಸಗೆಯಲ್ಲಿ ಕಾದ ಕಾವಲಿ. ಮಳೆ ಹಿಡಿದರೆ ಕಾಲಿಡಲು ಜಾಗವಿಲ್ಲದಷ್ಟು ನೇರಳೆ ಹೂವು. ಪೂರ್ವಕ್ಕೆ ಕುದುರೆಮುಖದ ನೀಲಿ ಸಾಲು. ಅದನ್ನೆಲ್ಲ ನೋಡುವ ವ್ಯವಧಾನ ನನಗೆಲ್ಲಿತ್ತು? ಶಾಲೆಯ ಹಳೆಯ ಮಣ್ಣಿನ ಗೋಡೆ ಕುಸಿದಿತ್ತು. ಮಳೆಗಾಲಕ್ಕೆ ಮುಂಚೆ ಹೊಸದು ಏಳಬೇಕಿತ್ತು. ಕಲ್ಲು ಕಡಿಯಲು ಮಡಂತ್ಯಾರಿನಿಂದ ಇದ್ದಿನಬ್ಬ ಬ್ಯಾರಿ ಬಂದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

ಒಂದು ಮಧ್ಯಾಹ್ನ ಅವರೇ ಪದವಿನಿಂದ ಇಳಿದು ಬಂದು ಕರೆದರು. "ಮಾಷ್ಟ್ರೇ, ಒಮ್ಮೆ ಬಂದು ನೋಡಿ. ಮಣ್ಣಿನಡಿ ಮೆಟ್ಟಿಲು ಉಂಟು."

ಮೂರು ಮೆಟ್ಟಿಲು, ಅವು ಇಳಿಯುವಲ್ಲಿ ಹೂಳು ತುಂಬಿದ ಸಣ್ಣ ಕೆರೆ. ಮೂಡುಬಿದಿರೆಯ ಬಸದಿಗಳಿಗೆ ನಡೆದು ಹೋಗುವವರಿಗಾಗಿ ಯಾವ ಕಾಲದಲ್ಲೋ ಯಾರೋ ಕಡಿಸಿದ್ದಿರಬೇಕು. ಇದ್ದಿನಬ್ಬ ಕಲ್ಲಿನ ಗೆರೆಗಳ ಮೇಲೆ ಬೆರಳಾಡಿಸಿದರು. "ಇದನ್ನು ಕಡಿದವ ಎಡಗೈಯವ. ನೋಡಿ, ಗೆರೆ ಆಚೆ ವಾಲಿದೆ. ಇದನ್ನು ಬಿಡುವ ಮಾಷ್ಟ್ರೇ. ಆ ಬದಿಯಲ್ಲಿ ಕಡಿದು ಕೊಡ್ತೇನೆ. ಎಂಟು ದಿನ ಹೆಚ್ಚು ಬೇಕಾದೀತು."

"ಎಂಟು ದಿನದಲ್ಲಿ ಮಳೆ ಬರ್ತದೆ. ಮಕ್ಕಳನ್ನು ಎಲ್ಲಿ ಕೂರಿಸುವುದು? ಕಡಿಯಿರಿ ಮಾರಾಯ್ರೆ," ಎಂದೆ. ಇಪ್ಪತ್ತನಾಲ್ಕರ ಪ್ರಾಯ, ಚರಿತ್ರೆ ಪಾಠ ಮಾಡುವವನು ಬೇರೆ!

ಅವರು ಮೆಟ್ಟಿಲುಗಳನ್ನೂ ಕೆರೆಯ ಒಂದು ಬದಿಯನ್ನೂ ಕಡಿದು ಕಲ್ಲು ತೆಗೆದರು. ಗೋಡೆ ಎದ್ದಿತು, ಮಳೆ ಬಂತು, ಊರು ನನ್ನನ್ನು ಹೊಗಳಿತು.

ಮುಂದಿನ ಬೇಸಗೆಯಲ್ಲಿ ಪದವಿನ ಕೆಳಗಿನ ಮನೆಯ ಅಪ್ಪಿ ಖಾಲಿ ಕೊಡ ಹಿಡಿದು ಶಾಲೆಯಂಗಳದಲ್ಲಿ ನಿಂತಳು. "ಬಾವಿಯ ತಳ ಕಾಣ್ತದೆ ಮಾಷ್ಟ್ರೇ. ನನಗೆ ಬುದ್ಧಿ ಬಂದಾಗಿನಿಂದ ಹೀಗಾದದ್ದಿಲ್ಲ." ಕೆರೆಯಲ್ಲಿ ನಿಂತು ಇಂಗಬೇಕಾದ ಮಳೆನೀರು, ನಾವು ಒಡೆದ ಬದಿಯಿಂದ ನೇರ ತೋಡಿಗೆ ಹರಿದುಹೋಗಿತ್ತು.

ಬಸ್ಸು ಹತ್ತಿ ಮಡಂತ್ಯಾರಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡವನಿಗೆ ಅಲ್ಲಿ ಬಾಯಿಗೆ ಬಂದದ್ದು ಬಾವಿಯ ಸುದ್ದಿ ಮಾತ್ರ. ಇದ್ದಿನಬ್ಬ ಕೇಳಿದರು, ಪಿಕ್ಕಾಸು ಹೆಗಲಿಗೇರಿಸಿದರು, "ಹೋಗುವ" ಎಂದರು. ಹತ್ತು ದಿನ ಇಬ್ಬರೂ ಹೂಳೆತ್ತಿದೆವು. ಒಡೆದ ಬದಿಗೆ ಕಲ್ಲು ಕಟ್ಟಿ ಜೇಡಿಮಣ್ಣು ಮೆತ್ತಿದೆವು. ನನ್ನ ಅಂಗೈಯ ಬೊಕ್ಕೆಗಳನ್ನು ನೋಡಿ ಅವರು ಒಮ್ಮೆ ನಕ್ಕರು. ಮೆಟ್ಟಿಲುಗಳನ್ನು ಮಾತ್ರ ಹೊಸದಾಗಿ ಕಡಿದು ಕೂರಿಸಲಿಲ್ಲ. "ಅದು ನನ್ನಿಂದ ಆಗ್ಲಿಕ್ಕಿಲ್ಲ," ಎಂದರು.

ಮರುವರ್ಷ ಅಪ್ಪಿಯ ಬಾವಿ ಬತ್ತಲಿಲ್ಲ. ಇದ್ದಿನಬ್ಬರನ್ನು ನಾನು ಮತ್ತೆ ನೋಡಲಿಲ್ಲ.

ಅಂದಿನಿಂದ ಎಷ್ಟೋ ಸಭೆಗಳಲ್ಲಿ "ಒಂದೇ ಬೇಸಗೆಯಲ್ಲಿ ಶಾಲೆ ಕಟ್ಟಿದವರು" ಎಂದು ನನಗೆ ಶಾಲು ಹೊದೆಸಿದ್ದಾರೆ. ಪ್ರತಿ ಸಲವೂ ತಲೆ ಬಾಗಿಸಿ ಹೊದೆಸಿಕೊಂಡಿದ್ದೇನೆ. ಅದೂ ಒಂದು ದಣಿವೇ. ನಾಡಿದ್ದು ಇನ್ನೊಂದು ಸಭೆಯಂತೆ. ಕರೆಯಲು ಬಂದ ಹಳೆಯ ವಿದ್ಯಾರ್ಥಿ ಈಗಷ್ಟೇ ಎದುರು ಕುಳಿತಿದ್ದಾನೆ.

"ಬರ್ತೇನೆ," ಎಂದೆ. "ಶಾಲು ಬೇಡ. ಒಂದು ಕುರ್ಚಿ ಇಡಿ. ಕೂತು ಹೇಳ್ಲಿಕ್ಕೆ ಒಂದು ವಿಷಯ ಉಂಟು."