ಎರಿ ಬಾಯಿ ಮುಚ್ಚುವ ಮೊದಲು

ಆ ಬೇಸಿಗೆಯಲ್ಲಿ ನಮ್ಮ ಹಿಟ್ಟಿನ ಗಿರಣಿಯ ಬೆಲ್ಟು ದಿನಕ್ಕೆ ಮೂರು ಸಲವಾದರೂ ಪುಲಿಯ ಗಾಲಿಯಿಂದ ಹೊರಗೆ ಸರಿಯುತ್ತಿತ್ತು. ಪ್ರತಿ ಸಲವೂ ಅದನ್ನು ಬಿದಿರಿನ ಕೋಲಿನಿಂದ ಒಳಗೆ ನೂಕುತ್ತಿದ್ದವಳು ನನ್ನ ಅಕ್ಕ. ಮೋಟಾರು ನಿಲ್ಲಿಸಿ ನೂಕು ಎಂದು ನಾನು ಬೈಯುವುದು, ನಿಲ್ಲಿಸಿದರೆ ಕಾಳು ಕಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವಳು ಗೊಣಗುವುದು ನಡೆದೇ ಇತ್ತು. ತಿರುಗುವ ಬೆಲ್ಟಿಗೂ ಅವಳ ಬಲಗೈಗೂ ನಡುವೆ ಒಂದು ಗೇಣು ಜಾಗವಿದ್ದರೆ ಹೆಚ್ಚು. ನನಗೆ ಹೆದರಿಕೆಯಾದರೂ ಹೊರಗೆ ಬರುವುದು ಸಿಟ್ಟೇ, ಹಾಗಾಗಿ ಇನ್ನಷ್ಟು ಬೈಯುತ್ತಿದ್ದೆ.

ನಮ್ಮೂರು ನವಲಗುಂದ ತಾಲೂಕಿನಲ್ಲಿ, ಮೊರಬದ ಆಚೆ. ಗಿರಣಿ ಅಪ್ಪ ಹಾಕಿದ್ದು. ಅವನು ಹೋದ ಮೇಲೆ ಅಕ್ಕ, ನಾನು ಇಬ್ಬರೇ ನಡೆಸುತ್ತ ಬಂದೆವು. ಕಾಳು ಹಾಕುವುದು, ಕಲ್ಲು, ಬೆಲ್ಟು ಅವಳದು. ಸ್ವಿಚ್ಚು, ತಕ್ಕಡಿ, ಗಿರಾಕಿಗಳ ಜೊತೆ ಜಗಳ ನನ್ನದು. ಬೀಸುವ ಕಲ್ಲು ಕೂತಿರುವ ಕಟ್ಟೆಯನ್ನು ಅಪ್ಪ ಆಳವಾಗಿ ಅಗೆಸಿ, ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ತುಂಬಿಸಿ ಕಟ್ಟಿಸಿದ್ದ. ಅದು ಇವತ್ತಿಗೂ ಕೂದಲೆಳೆಯಷ್ಟು ಅಲುಗಿಲ್ಲ. ನಾಲ್ಕು ವರ್ಷದ ಹಿಂದೆ ದೊಡ್ಡ ಮೋಟಾರು ತಂದಾಗ ಅದಕ್ಕೆ ಜಾಗ ಸಾಲದೆ ಬಾಜೂಕ್ಕೆ ಹೊಸ ಕಾಂಕ್ರೀಟು ಹಾಕಿಸಿದವಳು ನಾನು. ಗರಸು ಗಿರಸು ಏನೂ ಇಲ್ಲ, ಬರಿಯ ಎರೆ ಮಣ್ಣಿನ ಮೇಲೆ ಸುರಿಸಿಬಿಟ್ಟೆ. ಬೇಗ ಆಗಬೇಕಿತ್ತು ನನಗೆ.

ಎರೆ ನೆಲ, ನಮ್ಮ ಮಾತಿನಲ್ಲಿ ಎರಿ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಕೈ ಹಾಕಿದರೆ ಮೊಣಕೈವರೆಗೆ ಇಳಿಯುತ್ತದೆ. ಮೋಟಾರಿನ ಕಾಂಕ್ರೀಟಿನ ಹೊರಗಡೆಯ ಅಂಚು ಆ ವರ್ಷ ಎರಡು ಬೆರಳು ಕುಸಿದಿತ್ತು. ಮೋಟಾರು ಅತ್ತ ವಾಲಿದ್ದರಿಂದಲೇ ಬೆಲ್ಟು ಹಾದಿ ತಪ್ಪುತ್ತಿತ್ತು.

ಅಣ್ಣಿಗೇರಿಯಿಂದ ಗಾರೆ ಕೆಲಸದ ಒಬ್ಬ ಗೌಂಡಿಯನ್ನು ಕರೆಸಿದೆ. ವಯಸ್ಸಾದ ಮುಸ್ಲಿಂ ಮನುಷ್ಯ, ನಾವು ಚಾಚಾ ಎನ್ನುತ್ತಿದ್ದೆವು. ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿಯನ್ನು ಅಕ್ಕನ ಕೈಗೆ, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ನಾಲ್ಕೂ ಮೂಲೆಯ ಮಟ್ಟ ನೋಡಿದರು. ಆಮೇಲೆ ಹೊರಗೆ ಹೋಗಿ ಗೋಡೆಯ ಬುಡದ ಬಿರುಕಿನಲ್ಲಿ ಒಂದು ಕಡ್ಡಿ ಇಳಿಸಿದರು. ಕಡ್ಡಿ ಪೂರ್ತಿ ಒಳಗೆ ಹೋಯಿತು.

"ಮೂರು ದಾರಿ ಅದಾವ್ರಿ ಅಕ್ಕಾರ" ಎಂದರು. "ಮ್ಯಾಲ ಸಿಮೆಂಟ ಸಾರಿಸಿ ಸಪಾಟ ಮಾಡಿದ್ರ ಐದಾರು ಸಾವಿರದಾಗ ಮುಗೀತೈತಿ, ಆದ್ರ ಮೋಟರಿನ ಗದಗದಕ್ಕ ತಿಂಗಳದಾಗ ಹಪ್ಪಳಧಾಂಗ ಒಡೀತೈತಿ. ಜಾಕ್ ಹಚ್ಚಿ ಎತ್ತಿ, ತೂತು ಹೊಡದು ತಳಕ್ಕ ಸಿಮೆಂಟಿನ ಅಂಬಲಿ ಹೊಯ್ದ್ರ ಹದಿನೈದು ಸಾವಿರ. ಪೂರಾ ಒಡದು, ನಡಮಟ ಎರಿ ತಗದು, ಗರಸು ತುಂಬಿ, ನೀರು ಹೊಡದು, ಧಮ್ಮಸ್ ಬಡದು ಗಟ್ಟಿ ಮಾಡಿ ಹೊಸಾದ ಹಾಕಿದ್ರ ನಲವತ್ತರ ಮ್ಯಾಲ ಹೊಕ್ಕೈತಿ. ಇಪ್ಪತ್ತು ದಿನ ಗಿರಣಿ ಬಂದ್."

ನಾನು ಎರಡನೆಯದು ಎಂದೆ. ಮದುವೆಗಳ ದಿನಗಳು, ಶಾವಿಗೆಗೆ ಗೋಧಿ, ವರ್ಷಕ್ಕಾಗುವಷ್ಟು ಖಾರ, ಎಲ್ಲ ನಮ್ಮಲ್ಲಿ ಬೀಸುವುದು ಬೇಸಿಗೆಯಲ್ಲೇ. ಇಪ್ಪತ್ತು ದಿನ ಬಾಗಿಲು ಹಾಕಿದರೆ ಗಿರಾಕಿಗಳು ಬೇರೆ ಗಿರಣಿಯ ಹಾದಿ ಹಿಡಿಯುತ್ತಾರೆ.

"ಎರಡನೇದು ಈಗ ಬ್ಯಾಡ್ರಿ" ಎಂದರು ಚಾಚಾ. "ಎರಿ ಬಾಯಿ ತಗದೈತಿ. ಈಗ ಸಿಮೆಂಟ ಹೊಯ್ದ್ರ ಬಾಯಾಗ ಹೋಗಿ ಕುಂದರತೈತಿ. ನಾಳೆ ಮಳಿ ಕುಡದು ಬಾಯಿ ಮುಚ್ಚಾಕ ಬಂದ್ರ ಮುಚ್ಚಾಕ ಜಾಗಾನ ಇರೂದಿಲ್ಲ. ಮ್ಯಾಲ ನೂಕತೈತಿ. ಮಳಿಗಾಲ ಮುಗೀಲಿ, ಎರಿ ತಾನ ಬಾಯಿ ಮುಚ್ಚಲಿ, ಆಮ್ಯಾಲ ಎತ್ತೂಣು. ಅಲ್ಲೀತನಾ ಸಣ್ಣ ಮೋಟರಿನ ಮ್ಯಾಲ ನಡಸ್ರಿ."

ಅಪ್ಪನ ಕಾಲದ ಸಣ್ಣ ಮೋಟಾರಿಗೆ ಮೆಣಸಿನಕಾಯಿ ಬೀಸುವ ಶಕ್ತಿ ಎಲ್ಲಿದೆ. ನನ್ನ ಮೈ ಉರಿಯಿತು.

"ಎರಿ ಬಾಯಿ ಇರ್ಲ್ರಿ ಚಾಚಾ, ನಿಮ್ಮ ಬಾಯಿ ಮೊದಲ ಮುಚ್ಚರಿ" ಎಂದುಬಿಟ್ಟೆ. "ಮಾಡ್ತೀರೋ, ಬ್ಯಾರೆ ಗೌಂಡಿ ನೋಡಲೋ?"

ಅಕ್ಕ ನನ್ನ ರಟ್ಟೆ ಹಿಡಿದು ಜಗ್ಗಿದಳು. ಚಾಚಾ ಸಿಟ್ಟಾಗಲಿಲ್ಲ. ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡು, ಬೇರೆಯವರು ಮಾಡಿ ಕೆಡಿಸುವುದಕ್ಕಿಂತ ತಾವೇ ಮಾಡುವುದು ವಾಸಿ, ಆದರೆ ಒಂದು ಮಾತು ಕೊಡಬೇಕು ಎಂದರು. ದೊಡ್ಡ ಮಳೆ ಬಿದ್ದ ಮೇಲೆ ಮೋಟಾರು ಚಾಲೂ ಮಾಡುವ ಮೊದಲು ಅವರಿಗೆ ಫೋನ್ ಮಾಡಬೇಕು. ಅವರು ಬಂದು ಮಟ್ಟ ನೋಡಿ, ಮೋಟಾರಿನ ಕಾಲಿನಡಿ ತಗಡು ಕೊಟ್ಟು ಬೆಲ್ಟು ಸರಿ ಮಾಡಿದ ಮೇಲೆಯೇ ಸ್ವಿಚ್ಚು ಹಾಕಬೇಕು. ಆಯಿತು ಎಂದೆ. ಅದನ್ನು ಅಕ್ಕ ಪಕ್ಕದಲ್ಲೇ ನಿಂತು ಕೇಳಿದಳು.

ಮೋಟಾರು ಇಳಿಸಿ ಎರಡು ದಿನ ಕೆಲಸ ನಡೆಯಿತು. ಅಂಚಿನ ಕೆಳಗೆ ಗುಂಡಿ ತೋಡಿ ಟ್ರ್ಯಾಕ್ಟರಿನ ಎರಡು ಜಾಕ್ ಇಟ್ಟು ಚಾಚಾ ಒಂದೊಂದೇ ಸುತ್ತು ತಿರುಗಿಸಿದರು. ಕಾಂಕ್ರೀಟು ಕಿರ್ರೆಂದು ಏಳುವಾಗ ನಾನು, ಅಕ್ಕ ಪೈಪಿನ ತುದಿ ಹಿಡಿದು ನೋಡುತ್ತಿದ್ದೆವು. ನೀರು ಎರಡೂ ಕಡೆ ಸಮಕ್ಕೆ ಬಂತು. ತೂತುಗಳಿಂದ ಅಂಬಲಿ ಹೊಯ್ಯತೊಡಗಿದರು. ಆರು ಚೀಲ ಸಿಮೆಂಟು ಸಾಕು ಎಂದು ಲೆಕ್ಕ ಹಾಕಿದ್ದರು, ಹನ್ನೊಂದು ಹೋದವು. ಹೊಯ್ದಷ್ಟೂ ನೆಲ ಕುಡಿಯುತ್ತಲೇ ಇತ್ತು. ಚಾಚಾ ನನ್ನ ಮುಖ ನೋಡಿದರು, ನಾನು ಬೇರೆ ಕಡೆ ನೋಡಿದೆ.

ಒಂದು ವಾರ ಬಿಟ್ಟು ಮೋಟಾರು ಏರಿಸಿದೆವು. ಬೆಲ್ಟು ಗೆರೆ ಎಳೆದಂತೆ ಓಡಿತು. ಬೇಸಿಗೆ ಮುಗಿಯುವವರೆಗೆ ಅಕ್ಕ ಕೋಲು ಮುಟ್ಟಲಿಲ್ಲ. ನೋಡಿದೆಯಾ, ನಾನು ಹೇಳಿರಲಿಲ್ಲವೇ ಎಂದು ಬಂದವರೆದುರಿಗೆಲ್ಲ ಹಿಗ್ಗಿದೆ.

ಮುಂಗಾರಿನ ಮಿರಗದ ಮಳೆ ಆ ಸಲ ಮೂರು ದಿನ ಬಿಡದೆ ಹೊಡೆಯಿತು. ಕರೆಂಟೂ ಇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕರೆಂಟು ಬಂದಾಗ ಬಾಗಿಲಲ್ಲಿ ಏಳೆಂಟು ಹೆಂಗಸರು ಡಬ್ಬಿ, ಬುಟ್ಟಿ ಹಿಡಿದು ನಿಂತಿದ್ದರು. ಮನೆಯಲ್ಲಿ ಒಂದು ಹಿಡಿ ಹಿಟ್ಟಿಲ್ಲ, ಬೇಗ ಹಾಕವ್ವ ಎಂದು ಒಂದೇ ಗದ್ದಲ. ಕಾಂಕ್ರೀಟು ನೋಡಿದೆ. ಕಣ್ಣಿಗೆ ಸಪಾಟಾಗಿಯೇ ಕಂಡಿತು.

ಅಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಚಾಚಾಗ ಫೋನ್ ಮಾಡಿದೇನ?"

"ಮಾಡೀನಿ" ಎಂದೆ. "ಏನಾಗೂದಿಲ್ಲ, ಚಾಲೂ ಮಾಡ್ರಿ ಅಂದ್ರು."

ಇಷ್ಟು ಸಲೀಸಾಗಿ ಸುಳ್ಳು ಹೇಗೆ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ. ಅಣ್ಣಿಗೇರಿಯಿಂದ ಅವರು ಬಂದು ನೋಡುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅಕ್ಕ ಒಂದು ಗಳಿಗೆ ನನ್ನನ್ನು ನೋಡಿದಳು. ನಾನು ಸ್ವಿಚ್ಚು ಹಾಕಿದೆ. ಅವಳು ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಬೆಲ್ಟಿನ ಪಕ್ಕ ಹೋಗಿ ನಿಂತಳು.

ಮೊದಲ ಬುಟ್ಟಿ ಜೋಳ ಬೀಸಿ ಮುಗಿಯಿತು. ಎರಡನೆಯದು ಅರ್ಧವಾಗಿರುವಾಗ ಬೆಲ್ಟು ಸರಿಯತೊಡಗಿತು, ಬೇಸಿಗೆಯಲ್ಲಿ ಸರಿಯುತ್ತಿದ್ದ ಕಡೆಗಲ್ಲ, ಅದರ ವಿರುದ್ಧ ದಿಕ್ಕಿಗೆ. ಅವಳು ಆ ಬದಿಗೆ ಸರಿದು ಕೋಲು ಒತ್ತಿದಳು. ಬೆಲ್ಟು ಕೋಲನ್ನು ಸೆಳೆದುಕೊಂಡಿತು, ಕೋಲಿನ ಜೊತೆ ಕೈಯನ್ನೂ. ನಾನು ಸ್ವಿಚ್ಚು ತೆಗೆಯುವಷ್ಟರಲ್ಲಿ ಬೆಲ್ಟು ಪುಲಿ ಬಿಟ್ಟು ಗೋಡೆಗೆ ಬಡಿದಿತ್ತು. ಅಕ್ಕ ಹಿಟ್ಟಿನ ಮೇಲೆ ಕೂತಿದ್ದಳು. ಎಡಗೈಯಿಂದ ಬಲಗೈ ಹಿಡಿದುಕೊಂಡಿದ್ದಳು, ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಯಾರೋ ಜೀಪು ತಂದರು, ಹುಬ್ಬಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ಅತ್ತವಳು ನಾನು.

ಕೈ ಉಳಿಯಿತು. ಎರಡು ಬೆರಳು ಮುರಿದು, ಸಲಾಕೆ ಹಾಕಿ ಕಟ್ಟಿದರು. ಮೊದಲಿನಂತೆ ಮಡಚಲು ಬರುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದರು, ನಾನು ಅವಳಿಗೆ ಹೇಳಬೇಕಾಯಿತು.

ಹತ್ತು ದಿನದ ಮೇಲೆ ಕಾಂಕ್ರೀಟು ಒಡೆಯಲು ಚಾಚಾ ಬಂದರು. ನಲವತ್ತು ಸಾವಿರದ ದಾರಿಯೇ ಕೊನೆಗೂ. ಪೈಪು ಹಿಡಿದು ನೋಡಿದರೆ ಹೊರಗಿನ ಅಂಚು ಅಷ್ಟು ದಿನದಲ್ಲಿ ಇನ್ನಷ್ಟು ಉಬ್ಬಿ ಮೂರು ಬೆರಳು ಮೇಲೆದ್ದಿತ್ತು. ಹಾರೆಯಿಂದ ಒಂದು ತುಂಡು ಎಬ್ಬಿಸಿದಾಗ ಬಿರುಕಿನಲ್ಲಿ ಇಳಿದು ಗಟ್ಟಿಯಾದ ಸಿಮೆಂಟು ಹಲಗೆಯಂತೆ ನಿಂತಿತ್ತು, ಅದರ ಎರಡೂ ಕಡೆ ಎರೆ ಉಬ್ಬಿಕೊಂಡಿತ್ತು. ಅಕ್ಕ ಕಟ್ಟಿದ ಕೈಯನ್ನು ಎದೆಗೆ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು.

ಚಾಚಾ ಅವಳ ಕೈ ನೋಡಿ ಹಾರೆ ಕೆಳಗಿಟ್ಟರು. "ಫೋನ್ ಮಾಡ್ರಿ ಅಂದಿದ್ನೆಲ್ರಿ ಅಕ್ಕಾರ" ಎಂದು ನನ್ನನ್ನು ಕೇಳಿದರು.

ನನಗಿಂತ ಮೊದಲು ಅಕ್ಕನೇ ಹೇಳಿದಳು. "ಮಾಡಿದ್ಲ್ರಿ ಚಾಚಾ. ನಿಮ್ಮ ಫೋನ್ ಹತ್ತಲಿಲ್ಲ."

ಮುದುಕ ಕುಸಿದು ಕೂತುಬಿಟ್ಟರು. ಮಳೆಯಲ್ಲಿ ತಮ್ಮ ಫೋನು ಎರಡು ದಿನ ಬಂದ್ ಆಗಿತ್ತು, ಕರೆಯದಿದ್ದರೂ ತಾವೇ ಬರಬೇಕಿತ್ತು, ಈ ಕೆಲಸಕ್ಕೆ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ ಎಂದೆಲ್ಲ ಹೇಳತೊಡಗಿದರು. ನನಗೆ ಅದನ್ನು ಕೇಳುತ್ತ ನಿಲ್ಲಲು ಆಗಲಿಲ್ಲ.

"ಸುಳ್ಳರಿ" ಎಂದೆ. "ನಾ ಫೋನ್ ಮಾಡೇ ಇಲ್ಲ. ಅಕ್ಕಗ ಮಾಡೀನಿ ಅಂತ ಸುಳ್ಳ ಹೇಳಿದ್ದೆ."

ನಾನು ಅಕ್ಕನ ಕಡೆ ತಿರುಗಿದೆ. ಬೈಯಲಿ, ಎಡಗೈಯಿಂದಲಾದರೂ ಒಂದು ಹೊಡೆಯಲಿ ಎಂದು ಕಾದೆ.

"ಗೊತ್ತಿತ್ತು ತಗೋ" ಎಂದಳು. "ಅವತ್ತ ಗೊತ್ತಾಗಿತ್ತು."

"ಗೊತ್ತಿದ್ರ ಯಾಕ ಹೋಗಿ ನಿಂತಿ ಬೇ ಅಲ್ಲಿ?"

"ನೀ ಸ್ವಿಚ್ ಹಾಕೇಬಿಟ್ಟಿದ್ದಿ" ಎಂದಳು ಅಕ್ಕ. "ಬೆಲ್ಟಿನ ಕಡೆ ಯಾರರ ಒಬ್ರು ನಿಂದರಬೇಕಾಗಿತ್ತಲ್ಲ."